ಪೀಣ್ಯಕ್ಕೂ ಒಂದು ಧರಣಿಯ ಬಯಲು

ನಿರಾಯುಧರಾಗಿ, ಶಾಂತಿಯಿಂದ ಒಂದೆಡೆ ಸೇರುವ ಹಕ್ಕನ್ನು ಸಂವಿಧಾನದ 19ನೆಯ ವಿಧಿಯು ಪ್ರತಿಯೊಬ್ಬ ನಾಗರಿಕನಿಗೂ ಕೊಟ್ಟಿರುವುದು ಸರ್ವವಿದಿತ. ಆದರೆ ಬೆಂಗಳೂರಿನಲ್ಲಿ ಆ ಹಕ್ಕು ಶೇಷಾದ್ರಿ ರಸ್ತೆಯ ಫ್ರೀಡಂ ಪಾರ್ಕಿನ ಆವರಣದೊಳಗೆ ಮಾತ್ರವೇ ಚಲಾವಣೆಯಲ್ಲಿರುವುದರಿಂದ, ಅಲ್ಲಿಗೆ ಸುಮಾರು ಹತ್ತು ಕಿಲೋಮೀಟರು ದೂರದ ರಾಜಗೋಪಾಲನಗರ, ಲಗ್ಗೆರೆ, ಹೆಗ್ಗನಹಳ್ಳಿಗಳ ಬಾಡಿಗೆಮನೆಗಳಲ್ಲಿದ್ದುಕೊಂಡು ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವವರಿಗೆ ಒದಗಿರುವ ನಷ್ಟವನ್ನು ಪರ್ಯಾಲೋಚಿಸಿದವರು ವಿರಳ.

ಧರಣಿ, ಮೆರವಣಿಗೆಗಳನ್ನು ನಿಯಂತ್ರಿಸುವ 2021ರ ಆದೇಶವೂ, ಅದನ್ನು ಕಟ್ಟುನಿಟ್ಟಾಗಿ ಪಾಲಿಸಬೇಕೆಂಬ ಹೈಕೋರ್ಟಿನ 2022ರ ನಿರ್ದೇಶನವೂ ಅಕಾರಣವಾಗಿ ಹುಟ್ಟಿದವಲ್ಲ. ಮೆರವಣಿಗೆಯ ಹಿಂದೆ ಸಿಕ್ಕಿಕೊಂಡ ಆಂಬುಲೆನ್ಸಿನೊಳಗೆ ಮಲಗಿರುವವನಿಗೂ ಹಕ್ಕುಗಳುಂಟು. ರಸ್ತೆಯನ್ನು ತೆರವಾಗಿಡುವುದು ಪೊಲೀಸರ ಕರ್ತವ್ಯವೆಂಬುದನ್ನು ನಾನು ಅಲ್ಲಗಳೆಯಲಾರೆ. ಕೋಟಿಗೂ ಮಿಕ್ಕ ಜನರಿರುವ ನಗರಕ್ಕೆ ಒಂದೇ ಒಂದು ಅಂಗಳವನ್ನು ನಿಗದಿಪಡಿಸಿದರೆ ಆ ಕರ್ತವ್ಯವು ನೆರವೇರಿತೆಂಬುದನ್ನು ಮಾತ್ರ ಒಪ್ಪಲಾರೆ.

ಗಾರ್ಮೆಂಟ್ಸಿನಲ್ಲಿ ದುಡಿಯುವ ಹೆಣ್ಣುಮಗಳೊಬ್ಬಳು ಫ್ರೀಡಂ ಪಾರ್ಕಿಗೆ ಹೋಗಿ ಬರುವುದೆಂದರೆ ಒಂದು ದಿನದ ರಜೆ, ಒಂದು ದಿನದ ಕೂಲಿ, ಅನೇಕ ಕಡೆಗಳಲ್ಲಿ ಅದರೊಡನೆ ತಿಂಗಳ ಹಾಜರಿ ಭತ್ಯೆಯೂ ಹೋದಂತೆಯೇ. ಶಕ್ತಿ ಯೋಜನೆ ಬಂದಮೇಲೆ ಆಕೆಗೆ ಬಸ್ಸಿನ ಟಿಕೇಟು ಉಚಿತವಾಗಿದೆ, ನಿಜ. ಮರುದಿನ ಸೂಪರ್‌ವೈಸರನಿಗೆ ಹೇಳಬೇಕಾದ ಉತ್ತರವು ಉಚಿತವಾಗಿಲ್ಲ. ಆಕೆಯ ಧಣಿಗಳಾಗಲಿ, ಕಾರ್ಖಾನೆಯ ಗೇಟಾಗಲಿ ಆ ಪಾರ್ಕಿನ ಸಮೀಪದಲ್ಲಿಲ್ಲ. ತನ್ನ ದೂರನ್ನು ಯಾರು ಕೇಳಬೇಕೋ ಅವರ ಕಣ್ಣಿಗೂ ಕಿವಿಗೂ ನಿಲುಕದ ಸ್ಥಳದಲ್ಲಿ ಆಕೆ ಘೋಷಣೆ ಕೂಗಬೇಕು.

ಹೀಗೆ ದೂರನ್ನು ದೂರದಲ್ಲಿಟ್ಟರೆ ಏನಾಗುವುದೆಂಬುದಕ್ಕೆ, ಆ ಆದೇಶಕ್ಕೂ ಹಿಂದಿನದಾದರೂ, 2016ರ ಏಪ್ರಿಲ್ ತಿಂಗಳು ಸಾಕ್ಷಿಯಾಗಿದೆ. ಭವಿಷ್ಯನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ಹಿಂತೆಗೆಯಲಾಗದೆಂಬ ನಿಯಮವನ್ನು ಕೇಂದ್ರ ಸರ್ಕಾರವು ಆ ವರ್ಷದ ಫೆಬ್ರವರಿಯಲ್ಲಿ ಪ್ರಕಟಿಸಿತ್ತು. ನಾಲ್ಕೈದು ವರ್ಷ ಹೊಲಿಗೆಯಂತ್ರದ ಮುಂದೆ ಬೆನ್ನು ಬಗ್ಗಿಸಿ, ಕೆಲಸ ಬಿಟ್ಟು, ಕೈಗೆ ಬಂದ ಪಿ.ಎಫ್. ಹಣದಿಂದ ಮಗಳ ಮದುವೆಯನ್ನೋ ಊರಿನ ಸಾಲವನ್ನೋ ತೀರಿಸುವವರಿಗೆ ಈ ನಿಯಮವು ತಮ್ಮ ಗಂಟನ್ನೇ ಕಸಿದುಕೊಂಡಂತೆ ತೋರಿದುದು ಸ್ವಾಭಾವಿಕ. ಎರಡು ತಿಂಗಳು ಕಳೆದವು. ಅವರ ಅಭಿಪ್ರಾಯವನ್ನು ಕೇಳುವ ವ್ಯವಸ್ಥೆ ಎಲ್ಲಿಯೂ ಕಾಣಲಿಲ್ಲ. ಏಪ್ರಿಲ್ 18ರಂದು ಹೊಸೂರು ರಸ್ತೆಯ ಕಡೆಯಲ್ಲಿಯೂ, ಮರುದಿನ ಪೀಣ್ಯ, ತುಮಕೂರು ರಸ್ತೆಗಳಲ್ಲಿಯೂ ಸಹಸ್ರಾರು ಜನ, ಅವರಲ್ಲಿ ಬಹುಪಾಲು ಸ್ತ್ರೀಯರು, ಹೆಸರಾಂತ ನಾಯಕರಾರ ಕರೆಯೂ ಇಲ್ಲದೆ ಕಾರ್ಖಾನೆಗಳಿಂದ ನೇರವಾಗಿ ಹೆದ್ದಾರಿಗೆ ಇಳಿದರು. ಲಾಠಿ ಬೀಸಿತು, ಅಶ್ರುವಾಯು ಹಾರಿತು. ಬಸ್ಸುಗಳಿಗೆ ಬೆಂಕಿ ಬಿದ್ದಿತು, ಹೆಬ್ಬಗೋಡಿಯ ಪೊಲೀಸ್ ಠಾಣೆಯ ಮೇಲೆ ದಾಳಿ ನಡೆಯಿತು. ಈ ಹಿಂಸೆಯನ್ನು ಯಾರೂ ಸಮರ್ಥಿಸಲಾಗದು. ಆದರೆ ಎರಡು ತಿಂಗಳಲ್ಲಿ ಅಲುಗದ ನಿಯಮವನ್ನು ಎರಡೇ ದಿನಗಳಲ್ಲಿ, 19ರ ಸಂಜೆಯೊಳಗಾಗಿ, ಕೇಂದ್ರ ಕಾರ್ಮಿಕ ಸಚಿವರು ಹಿಂತೆಗೆದುಕೊಂಡರೆಂಬುದೂ ಅಷ್ಟೇ ಸತ್ಯ. ಆ ಎರಡು ತಿಂಗಳಲ್ಲಿ ಪೀಣ್ಯದ ನಡುವೆಯೇ, ಸಂಜೆಯ ಪಾಳಿ ಬಿಟ್ಟಮೇಲೆ ನೂರಿನ್ನೂರು ಜನ ಕುಳಿತು ಮಾತಾಡಬಹುದಾದ, ಅಧಿಕಾರಿಯೊಬ್ಬ ಬಂದು ಮನವಿ ಸ್ವೀಕರಿಸಬಹುದಾದ ಬಯಲೊಂದಿದ್ದು, ಅದು ಬಳಕೆಯಲ್ಲಿಯೂ ಇದ್ದಿದ್ದರೆ, ಹೆದ್ದಾರಿ ಅಂದು ಹೊತ್ತಿಕೊಳ್ಳುತ್ತಿತ್ತೇ ಎಂದು ನಾನು ಪ್ರಶ್ನಿಸುತ್ತೇನೆ.

ನ್ಯಾಯಶಾಸ್ತ್ರವೂ ಈ ವಿಚಾರದಲ್ಲಿ ಮೌನವಾಗಿಲ್ಲ. ಸಾರ್ವಜನಿಕ ರಸ್ತೆಯಲ್ಲಿ ಸಭೆ ಸೇರುವುದನ್ನು ಸರ್ಕಾರವು ಕ್ರಮಬದ್ಧಗೊಳಿಸಬಹುದೇ ಹೊರತು ಸಂಪೂರ್ಣವಾಗಿ ಮುಚ್ಚಿಬಿಡಲಾಗದೆಂದು ಹಿಮ್ಮತ್ ಲಾಲ್ ಷಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1972ರಲ್ಲಿಯೇ ಹೇಳಿತು. ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿಯನ್ನು ಪೂರ್ಣವಾಗಿ ನಿಷೇಧಿಸಲಾಗದೆಂದು 2018ರಲ್ಲಿ ತೀರ್ಮಾನಿಸಿತು. ನಮ್ಮ ಹೈಕೋರ್ಟೇ, ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರ ಪೀಠದಲ್ಲಿ, 2019ರ ಡಿಸೆಂಬರಿನಲ್ಲಿ ಬೆಂಗಳೂರಿಗೆ ಮೂರು ದಿನ ಹೇರಿದ್ದ 144ನೆಯ ಸೆಕ್ಷನ್ನಿನ ನಿಷೇಧಾಜ್ಞೆಯನ್ನು ಕಾನೂನುಬಾಹಿರವೆಂದು 2020ರ ಫೆಬ್ರವರಿಯಲ್ಲಿ ಸಾರಿತು. ಆದರೆ ತೀರ್ಪು ಬಂದದ್ದು ಆಜ್ಞೆಯ ಅವಧಿ ಮುಗಿದು ವಾರಗಳಾದ ಮೇಲೆ. ಅಂದು ಬಂಧಿತರಾದವರಿಗೆ ಆ ಮೂರು ದಿನಗಳನ್ನು ಹಿಂದಿರುಗಿಸಿಕೊಡುವ ಶಕ್ತಿ ಯಾವ ಪೀಠಕ್ಕೂ ಇಲ್ಲ.

ಫ್ರೀಡಂ ಪಾರ್ಕು ಹಿಂದೆ ಸೆಂಟ್ರಲ್ ಜೈಲಾಗಿದ್ದಿತು, ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಆಡ್ವಾಣಿಯವರನ್ನೂ, ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರನ್ನೂ ಅಲ್ಲಿಯೇ ಇಡಲಾಗಿತ್ತು ಎಂಬ ವಿಡಂಬನೆಯು ಹೇಳಿ ಹೇಳಿ ಹಳಸಿದೆ. ಆಸ್ತಮಾದಿಂದ ನರಳುತ್ತ ಎಂಟು ತಿಂಗಳು ಅಲ್ಲಿದ್ದು, ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ಸ್ನೇಹಲತಾ ತೀರಿಕೊಂಡರು. ಆ ಸ್ಥಳಕ್ಕೆ ಗೌರವ ಸಲ್ಲಲಿ; ಅದೊಂದನ್ನೇ ಸಾಕೆನ್ನುವುದು ಗೌರವವಲ್ಲ.

ಮಾಡಬೇಕಾದದ್ದು ಕಷ್ಟಸಾಧ್ಯವೇನೂ ಅಲ್ಲ. ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ತಲಾ ಒಂದು ಬಯಲನ್ನು, ನೀರು, ಶೌಚಾಲಯ, ನೆರಳುಗಳ ಸಹಿತ, ಸಭೆಗಳಿಗೆಂದು ಮೀಸಲಿಡಬೇಕು. ಅಲ್ಲಿ ಸೇರಲು ಠಾಣೆಯ ಅನುಮತಿಗಾಗಿ ಕಾಯುವ ಬದಲು ಎರಡು ದಿನ ಮೊದಲು ತಿಳಿವಳಿಕೆ ಪತ್ರವೊಂದನ್ನು ಕೊಟ್ಟರೆ ಸಾಕಾಗಬೇಕು. ನಿರಾಕರಿಸುವುದಾದರೆ ಕಾರಣವನ್ನು ಲಿಖಿತವಾಗಿ ತಿಳಿಸುವ ಹೊಣೆ ಪೊಲೀಸರದಾಗಬೇಕು. ಆಡಳಿತದ ಅನುಕೂಲಕ್ಕಾಗಿ ಬೆಂಗಳೂರನ್ನು 2025ರಲ್ಲಿ ಐದು ಮಹಾನಗರ ಪಾಲಿಕೆಗಳಾಗಿ ವಿಂಗಡಿಸಿದ ಸರ್ಕಾರವು, ಆ ಐದಕ್ಕೂ ಐದು ಧರಣಿಯ ಬಯಲುಗಳನ್ನು ಅದೇ ಕಡತದಲ್ಲಿ ಏಕೆ ಸೇರಿಸಲಿಲ್ಲವೆಂಬುದಕ್ಕೆ ಈಗಲಾದರೂ ಉತ್ತರ ಕೊಡಲಿ.