ಉಚಿತ ದ್ವೀಪಯಾತ್ರೆಯ ಜಮಾ-ಖರ್ಚು

ಜನವರಿ ತಿಂಗಳು ಬಂತೆಂದರೆ ನಮ್ಮ ವರ್ತಕ ಬಾಂಧವರ ಮೇಜಿನ ಮೇಲೆ ಬಣ್ಣಬಣ್ಣದ ಸುತ್ತೋಲೆಗಳು ಕಾಣಿಸಿಕೊಳ್ಳತೊಡಗುತ್ತವೆ. ನೀಲಿ ಸಮುದ್ರ, ನೀರಿನ ಮೇಲೆ ಕಂಬಗಳ ಆಧಾರದಲ್ಲಿ ನಿಂತ ಕುಟೀರ, ಅದರ ಕೆಳಗೆ ಮಾರ್ಚ್ 31ರೊಳಗೆ ಇಷ್ಟು ಸರಕು ಎತ್ತಿದವರಿಗೆ ದಂಪತಿ ಸಮೇತ ಮಾಲ್ದೀವ್ಸ್ ಪ್ರವಾಸ ಉಚಿತ ಎಂಬ ಒಕ್ಕಣೆ. ಬಣ್ಣ, ಸಿಮೆಂಟ್, ಟೈರು, ಪಂಪ್‌ಸೆಟ್ಟು, ಯಾವ ವ್ಯಾಪಾರವೂ ಇದಕ್ಕೆ ಹೊರತಾಗಿಲ್ಲ. ಮಾಲ್ದೀವ್ಸಿಗೆ ಹೋಗಬೇಡಿರೆಂದು ನಾನು ಹೇಳಲಾರೆ. ನಾನೂ ಹೋಗಿ ಬಂದವನೇ. ಆದರೆ ಸ್ಕೀಮಿನಲ್ಲಿ ಹೋಗುವುದಕ್ಕಿಂತ ಸ್ವಂತ ಖರ್ಚಿನಲ್ಲಿ ಹೋಗುವುದು ಅಗ್ಗವೆಂಬುದು ಲೆಕ್ಕಪತ್ರ ನೋಡಿದ ಮೇಲೆ ನನಗುಂಟಾದ ಅಭಿಪ್ರಾಯ.

ಮೊದಲು ಆ ದೇಶದ ವಿಚಾರ. ಸುಮಾರು 1,190 ಹವಳದ ದ್ವೀಪಗಳಲ್ಲಿ ಜನವಸತಿ ಇರುವುದು ಇನ್ನೂರಕ್ಕೂ ಕಡಿಮೆ ದ್ವೀಪಗಳಲ್ಲಿ. ಪ್ರವಾಸಿಗಳಿಗಾಗಿ ಮೊದಲ ರೆಸಾರ್ಟ್ ತೆರೆದದ್ದು 1972ರಲ್ಲಿ. ಅಂದಿನಿಂದ ಅಲ್ಲಿ ಬೆಳೆದು ಬಂದದ್ದು ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್ ಎಂಬ ಪದ್ಧತಿ. ವ್ಯಾಪಾರಿಯ ಕಣ್ಣಿಗೆ ಇದರ ಅರ್ಥ ಸ್ಪಷ್ಟವಾಗಿದೆ: ಒಮ್ಮೆ ದೋಣಿಯಿಂದ ಇಳಿದ ಗಿರಾಕಿಗೆ ಎದುರು ಅಂಗಡಿ ಎಂಬುದೇ ಇಲ್ಲ. ಒಂದು ಲೋಟ ಚಹಾಕ್ಕೂ ಅವರು ಹೇಳಿದ್ದೇ ಬೆಲೆ.

ಆ ಬೆಲೆಗೂ ಕಾರಣಗಳುಂಟು. ಮೀನು, ತೆಂಗಿನಕಾಯಿ ಬಿಟ್ಟರೆ ಬಹುತೇಕ ಎಲ್ಲವೂ ಹೊರಗಿನಿಂದ ಬರಬೇಕು. 2024-25ನೇ ಸಾಲಿಗೆ ಭಾರತ ಸರ್ಕಾರ ಮಾಲ್ದೀವ್ಸಿಗೆ ರಫ್ತು ಮಾಡಲು ಅನುಮತಿಸಿದ ಸರಕಿನ ಪಟ್ಟಿಯನ್ನು ನೋಡಿದರೆ ಇದು ಮನವರಿಕೆಯಾದೀತು: 42 ಕೋಟಿಗೂ ಹೆಚ್ಚು ಕೋಳಿಮೊಟ್ಟೆ, 35 ಸಾವಿರ ಟನ್ನಿಗೂ ಮೀರಿದ ಈರುಳ್ಳಿ, 1.24 ಲಕ್ಷ ಟನ್ ಅಕ್ಕಿ, ತಲಾ 10 ಲಕ್ಷ ಟನ್ ನದಿ ಮರಳು ಮತ್ತು ಜಲ್ಲಿ. ನಮ್ಮಲ್ಲಿ ಈರುಳ್ಳಿ ರಫ್ತಿಗೆ ನಿಷೇಧವಿದ್ದ ಕಾಲದಲ್ಲೇ ಈ ಅನುಮತಿ ದೊರೆತದ್ದು. ಸುತ್ತಲೂ ಸಮುದ್ರದ ಮರಳಿರುವ ದೇಶ ಕಟ್ಟಡಕ್ಕೆ ನಮ್ಮ ಮರಳನ್ನು ತರಿಸಿಕೊಳ್ಳುತ್ತದೆ!

ಇನ್ನು ರೆಸಾರ್ಟಿನ ಬಿಲ್ಲು. ದರಪಟ್ಟಿಯಲ್ಲಿ ಕೋಣೆಯ ಬಾಡಿಗೆ 400 ಡಾಲರ್ ಎಂದಿದ್ದು, ಪಕ್ಕದಲ್ಲಿ ಎರಡು ಸಣ್ಣ ಕೂಡಿಸುವ ಚಿಹ್ನೆಗಳಿದ್ದರೆ ಓದುಗರು ಎಚ್ಚರ ವಹಿಸಬೇಕು. ಒಂದು ಚಿಹ್ನೆ ಸೇವಾಶುಲ್ಕಕ್ಕೆ, ಸಾಮಾನ್ಯವಾಗಿ ಶೇ. 10. ಇನ್ನೊಂದು ಪ್ರವಾಸೋದ್ಯಮದ ಮೇಲಿನ ಜಿಎಸ್‌ಟಿ. ಅದನ್ನು 2025ರ ಜುಲೈ 1ರಿಂದ ಶೇ. 16ರಿಂದ 17ಕ್ಕೆ ಏರಿಸಲಾಯಿತು. ಈ ತೆರಿಗೆ ಸೇವಾಶುಲ್ಕ ಸೇರಿದ ಮೊತ್ತದ ಮೇಲೆ ಬೀಳುವುದರಿಂದ 400 ಡಾಲರ್ ಎಂಬುದು 514.80 ಆಗುತ್ತದೆ. ಇದಲ್ಲದೆ ಹಸಿರು ತೆರಿಗೆ. ರೆಸಾರ್ಟುಗಳಲ್ಲಿ ತಲೆಗೆ ದಿನಕ್ಕೆ 6 ಡಾಲರ್ ಇದ್ದುದನ್ನು 2025ರ ಜನವರಿಯಿಂದ 12 ಡಾಲರಿಗೆ ದ್ವಿಗುಣಗೊಳಿಸಿದರು. ದೂರದ ದ್ವೀಪವಾದರೆ ಸಮುದ್ರ ವಿಮಾನದ ಬಾಡಿಗೆ ಬೇರೆ. ಅದು ಹಗಲಿನಲ್ಲಿ ಮಾತ್ರ ಹಾರುವುದರಿಂದ, ಸಂಜೆ ತಡವಾಗಿ ಇಳಿದವರು ರಾಜಧಾನಿ ಮಾಲೆಯ ಆಸುಪಾಸಿನಲ್ಲಿ ಒಂದು ರಾತ್ರಿ ಕಳೆಯುವುದು ಅನಿವಾರ್ಯವಾಗುತ್ತದೆ.

ಇದೆಲ್ಲವನ್ನೂ ಕಂಪನಿ ಭರಿಸುತ್ತದೆ, ನಮಗೇನು ಎಂದು ಕೇಳುವವರಿದ್ದಾರೆ. ನನ್ನ ಕಕ್ಷಿದಾರರೊಬ್ಬರು ಹಾಗೆಯೇ ಕೇಳಿದ್ದರು. ಗುರಿ ಮುಟ್ಟಿಸಲು ಮಾರ್ಚ್ ಕೊನೆಯ ವಾರದಲ್ಲಿ 12 ಲಕ್ಷ ರೂಪಾಯಿಯ ಹೆಚ್ಚುವರಿ ಸರಕನ್ನು ಓವರ್‌ಡ್ರಾಫ್ಟ್ ಹಣದಲ್ಲಿ ಎತ್ತಿದರು. ಆ ವರ್ಷ ಮಳೆ ಬೇಗ ಹಿಡಿಯಿತು. ಸರಕು ಏಳು ತಿಂಗಳು ಗೋದಾಮಿನಲ್ಲೇ ಉಳಿಯಿತು. ಶೇ. 11ರ ಬಡ್ಡಿಯಂತೆ 77,000 ರೂಪಾಯಿ ಹೋಯಿತು. ಗೋದಾಮಿನ ಬಾಡಿಗೆಯನ್ನಾಗಲೀ, ದೀಪಾವಳಿಯಲ್ಲಿ ಬೆಲೆ ಇಳಿಸಿ ಮಾರಿದ್ದನ್ನಾಗಲೀ ನಾನು ಇದರಲ್ಲಿ ಸೇರಿಸಿಲ್ಲ.

ಆಮೇಲೆ ಬಂದದ್ದು ತೆರಿಗೆ. ವ್ಯಾಪಾರದ ನಿಮಿತ್ತ ದೊರೆಯುವ ಇಂತಹ ಸವಲತ್ತು ವರ್ತಕರ ಆದಾಯವೇ ಆಗಿದೆ. ವರ್ಷಕ್ಕೆ 20,000 ರೂಪಾಯಿ ಮೀರಿದ ಸವಲತ್ತಿನ ಮೇಲೆ ಶೇ. 10ರಷ್ಟು ತೆರಿಗೆಯನ್ನು ಮೂಲದಲ್ಲೇ ಕಡಿತ ಮಾಡಬೇಕೆಂಬ ನಿಯಮ 2022ರ ಜುಲೈ 1ರಿಂದ ಜಾರಿಗೆ ಬಂದಿತು. ವರ್ತಕರ ತರಬೇತಿಗಾಗಿ ನಡೆಸುವ ಸಮ್ಮೇಳನಕ್ಕೆ ಇದು ಅನ್ವಯಿಸದೆಂದು ಅಂದಿನ ಸುತ್ತೋಲೆ ತಿಳಿಸಿತಾದರೂ, ವಿಹಾರದ ಭಾಗಕ್ಕೂ ಜೊತೆಯಲ್ಲಿ ಬಂದ ಕುಟುಂಬದ ಖರ್ಚಿಗೂ ಆ ವಿನಾಯಿತಿ ಇಲ್ಲ. ಗುರಿ ಮುಟ್ಟಿದವರನ್ನಷ್ಟೇ ಆರಿಸಿ, ದಂಪತಿ ಸಮೇತ ಕರೆದೊಯ್ದು, ಮಧ್ಯೆ ಒಂದು ಗಂಟೆ ಭಾಷಣ ಇಟ್ಟರೆ ಅದು ತರಬೇತಿಯಾಗದು. ಕಂಪನಿ ಪ್ರವಾಸಕ್ಕೆ ತೋರಿಸಿದ ಮೌಲ್ಯ 3 ಲಕ್ಷ. ಶೇ. 30ರ ದರದಲ್ಲಿ ತೆರಿಗೆ ಕಟ್ಟುವ ಇವರಿಗೆ ಸೆಸ್ ಸೇರಿ 93,600 ರೂಪಾಯಿ ಬಿತ್ತು. ಬಡ್ಡಿಯೊಂದಿಗೆ ಒಟ್ಟು 1,70,600 ರೂಪಾಯಿ. ಎಂಥ ಕೋಣೆ, ಯಾವ ದಿನಾಂಕ, ಯಾವ ಊಟ ಎಂಬುದನ್ನು ಆರಿಸುವ ಸ್ವಾತಂತ್ರ್ಯವೂ ಇಲ್ಲದ ಪ್ರವಾಸಕ್ಕೆ ಕೈಯಿಂದ ತೆತ್ತ ನಗದು ಇದು.

ಇಷ್ಟು ಹಣದಲ್ಲಿ ದಂಪತಿಗಳು ಅದೇ ದೇಶದಲ್ಲಿ ನಾಲ್ಕು ದಿನ ಸುಖವಾಗಿ ಇದ್ದು ಬರಬಹುದು. ರೆಸಾರ್ಟಿನಲ್ಲಲ್ಲ, ಜನವಸತಿಯ ದ್ವೀಪದಲ್ಲಿ. 2009ರ ನಂತರ ಇಂತಹ ದ್ವೀಪಗಳಲ್ಲಿ ಅತಿಥಿಗೃಹಗಳು ತಲೆಯೆತ್ತಿದವು. ನಾವು ಉಳಿದದ್ದು ಮಾಲೆಗೆ ಸಮೀಪದ ಮಾಫುಶಿಯಲ್ಲಿ. ಸಮುದ್ರ ಅದೇ, ಹವಳ ಅದೇ, ಬಿಸಿಲೂ ಅದೇ. ಐವತ್ತು ಕೋಣೆಗಳೊಳಗಿನ ಅತಿಥಿಗೃಹದಲ್ಲಿ ಹಸಿರು ತೆರಿಗೆ 6 ಡಾಲರ್ ಮಾತ್ರ. ಮದ್ಯ ದೊರೆಯುವುದಿಲ್ಲ, ಪ್ರವಾಸಿಗಳಿಗೆಂದು ಗೊತ್ತುಮಾಡಿದ ಕಡಲತೀರದ ಹೊರಗೆ ಉಡುಪಿನಲ್ಲಿ ಮರ್ಯಾದೆ ಪಾಲಿಸಬೇಕು. ಇವು ನಮ್ಮವರಿಗೆ ಕಷ್ಟವಾಗಲಾರವು (ಮೊದಲನೆಯದು ಕೆಲವರಿಗೆ ಆಗಬಹುದು). ನಮಾಜಿನ ಹೊತ್ತಿಗೆ ಅಂಗಡಿಯವನು ಬಾಗಿಲು ಎಳೆದುಕೊಂಡು ಹೋಗುವುದು, ಮತ್ತೆ ಬಂದು ತೆರೆಯುವುದು, ದೋಣಿಯಿಂದ ಈರುಳ್ಳಿ ಚೀಲ ಇಳಿಯುವುದು, ಇವೆಲ್ಲ ರೆಸಾರ್ಟಿನ ಅತಿಥಿಗೆ ಕಾಣಸಿಗದ ನೋಟಗಳು.

ಅತಿಥಿಗೃಹದ ಮಾಲೀಕರು ನನ್ನ ವೃತ್ತಿ ತಿಳಿದೊಡನೆ ತಮ್ಮ ಲೆಕ್ಕದ ಪುಸ್ತಕವನ್ನೇ ತಂದು ಮುಂದಿಟ್ಟರು. ಕಸುಬು ಎಲ್ಲಿ ಹೋದರೂ ಬೆನ್ನು ಬಿಡದು. ತಮ್ಮಂಥವರು ಒಂದೊಂದೇ ಕೋಣೆ ಕಟ್ಟಿ ಮೇಲೆ ಬಂದವರು, ಕೋಣೆ ಕಾದಿರಿಸುವ ಜಾಲತಾಣಗಳ ಕಮಿಷನ್ನೇ ಲಾಭವನ್ನು ತಿನ್ನುತ್ತಿದೆ ಎಂಬುದು ಅವರ ಅಳಲು. ನಮ್ಮ ಸಣ್ಣ ವರ್ತಕರ ಬಾಯಲ್ಲಿ ಇದೇ ಮಾತನ್ನು ಎಷ್ಟು ಸಲ ಕೇಳಿಲ್ಲ? ಕೊಟ್ಟ ಹಣ ಅಂಥವರ ಕೈ ಸೇರಿದ್ದಕ್ಕೆ ನನಗಂತೂ ಬೇಸರವಿಲ್ಲ.

ಕಂಪನಿಗಳು ಪ್ರೋತ್ಸಾಹ ಕೊಡಲೇಬೇಕೆಂದಿದ್ದರೆ ಅದನ್ನು ಮಾರಾಟದ ರಿಯಾಯಿತಿಯಾಗಿ ಕ್ರೆಡಿಟ್ ನೋಟಿನಲ್ಲಿ ಕೊಡಲಿ. ಅದರಿಂದ ಹೆಚ್ಚುವ ಲಾಭಕ್ಕೂ ತೆರಿಗೆ ಉಂಟು, ನಿಜ. ಆದರೆ ತೆರಿಗೆ ಕಟ್ಟಲು ಕೈಯಲ್ಲಿ ಹಣವಿರುತ್ತದೆ. ಒಬ್ಬೊಬ್ಬ ವರ್ತಕ ಕೇಳಿದರೆ ಕಂಪನಿಗಳು ಕಿವಿಗೊಡಲಾರವು. ವಾಣಿಜ್ಯ ಸಂಸ್ಥೆಯ ಮೂಲಕ ಸದಸ್ಯರೆಲ್ಲರೂ ಸೇರಿ ಕೇಳುವುದು ಉಚಿತ. ನನ್ನ ಕಕ್ಷಿದಾರರು ಈ ಸಲದ ಸುತ್ತೋಲೆ ಬಂದಾಗ ಹಾಗೆಂದು ಪತ್ರ ಬರೆದಿದ್ದಾರೆ. ಉತ್ತರ ಇನ್ನೂ ಬಂದಿಲ್ಲ. ಅಲ್ಲಿ ಮುಂಗಾರು ಮೇ ತಿಂಗಳಲ್ಲಿ ಹಿಡಿಯುವುದರಿಂದ, ದಾಸ್ತಾನು ಎಣಿಕೆ ಮುಗಿಸಿ ಏಪ್ರಿಲ್ ಮೊದಲ ವಾರದಲ್ಲೇ ಹೊರಡುವುದೆಂದು ಅವರ ಶ್ರೀಮತಿಯವರು ಮಾತ್ರ ತೀರ್ಮಾನಿಸಿಯಾಗಿದೆ.