ಮೊದಲನೇ ಸಾಲಿನ ಸೋಫಾ

(1/4)

ಮೇಲಿನ ಫೋಟೊ ಕತ್ರಿಗುಪ್ಪೆ ಕಡೆಯದು. ಫ್ಲೆಕ್ಸ್ ಓದಿ: ‘ಬೃಹತ್ ಹಾಸ್ಯ ಸಂಜೆ. ಪ್ರವೇಶ ಉಚಿತ.’ ಕೈ ಮುಗಿದು ನಿಂತಿರೋ ಮುಖಂಡರು ಆಳೆತ್ತರ, ನಗಿಸೋಕೆ ಬರೋ ಕಲಾವಿದರು ಕೆಳಗಿನ ಮೂಲೆಯಲ್ಲಿ ಸ್ಟಾಂಪ್ ಸೈಜು. ಮುಖಗಳನ್ನೂ ಹೆಸರುಗಳನ್ನೂ ಬೇಕಂತಲೇ ಮರೆ ಮಾಡಿದ್ದೀನಿ. ಇದು ಒಬ್ಬರ ವಿಷಯ ಅಲ್ಲ, ಇಂಥ ಫ್ಲೆಕ್ಸ್ ನಿಮ್ಮ ಏರಿಯಾದಲ್ಲೂ ಇದ್ದೇ ಇರುತ್ತೆ. ಬೆಂಗಳೂರಲ್ಲಿ ಫ್ಲೆಕ್ಸ್ ನಿಷೇಧ ಆಗಿದ್ದು 2018ರಲ್ಲಿ. ಅಂದ್ರೆ ಸಂಜೆಯ ಮೊದಲ ಜೋಕು ಆಗಲೇ ಸರ್ಕಲ್‌ನಲ್ಲಿ ನೇತಾಡ್ತಾ ಇದೆ. ಅದಕ್ಕೆ ಮಾತ್ರ ಯಾರೂ ನಗಲ್ಲ.

ಒಳಗೆ ಹೋದ್ರೆ ಮೊದಲನೇ ಸಾಲಲ್ಲಿ ಸೋಫಾ, ಹಿಂದೆ ನಮಗೆ ಪ್ಲಾಸ್ಟಿಕ್ ಕುರ್ಚಿ. ಮೈಕ್ ಹಿಡಿದವರು ಸೋಫಾದ ಕಡೆ ತಿರುಗಿ ಒಂದು ನಮಸ್ಕಾರ ಹಾಕಿ ಶುರು ಮಾಡ್ತಾರೆ. ಹೆಂಡ್ತಿ ಶಾಪಿಂಗು, ಅತ್ತೆ ಬಾಯಿ, ದಪ್ಪಗಿರೋಳು ಆಟೊ ಹತ್ತಿದ್ದು, ಕಪ್ಪಗಿರೋನಿಗೆ ಹೆಣ್ಣು ನೋಡಿದ್ದು, ಮನೆಗೆಲಸದಾಕೆ ಇಂಗ್ಲಿಷ್ ಮಾತಾಡಿದ್ದು, ಉತ್ತರ ಕರ್ನಾಟಕದವನು ಮೊದಲ ಸಲ ಮೆಟ್ರೊ ಹತ್ತಿದ್ದು. ಎರಡು ಗಂಟೆ ಹೀಗೇ. ಈ ಪಟ್ಟಿಯಲ್ಲಿ ಒಬ್ಬರಾದ್ರೂ ಆ ಸೋಫಾ ಮೇಲೆ ಕೂತಿರ್ತಾರಾ, ಯೋಚನೆ ಮಾಡಿ.

‘ಈಗಿನ ಜನಕ್ಕೆ ಎಲ್ಲದಕ್ಕೂ ನೋವಾಗುತ್ತೆ, ಹಾಸ್ಯವೇ ಸತ್ತುಹೋಯ್ತು’ ಅನ್ನೋ ಗೊಣಗಾಟ ನೀವೂ ಕೇಳಿರ್ತೀರಿ. ನಂಗೆ ಹಾಗನ್ನಿಸಲ್ಲ. ಹಾಸ್ಯ ಭರ್ಜರಿಯಾಗೇ ಇದೆ, ವಿಡಂಬನೆ ಮಾತ್ರ ಸೋಫಾ ನೋಡಿದ ತಕ್ಷಣ ಬಾಲ ಮುದುರುತ್ತೆ. ಅದನ್ನು ಹಾಗೆ ಪಳಗಿಸಿದ್ದು ನಮ್ಮ ಚಪ್ಪಾಳೆ ಕಣ್ರೀ.

(2/4)

ಇದೇ ಊರಲ್ಲಿ ಮಾಸ್ಟರ್ ಹಿರಣ್ಣಯ್ಯ ಅಂತ ಒಬ್ಬರಿದ್ದರು. 2019ರ ಮೇ 2ರಂದು ತೀರಿಕೊಂಡರು. ಅವರ ‘ಲಂಚಾವತಾರ’ವನ್ನು ನಮ್ಮ ಅಪ್ಪ-ಅಮ್ಮಂದಿರ ಕಾಲದವರು ಎಷ್ಟು ಸಲ ನೋಡಿದ್ದಾರೋ ಲೆಕ್ಕ ಇಲ್ಲ. ಅದೇ ನಾಟಕಕ್ಕೆ ಮತ್ತೆ ಮತ್ತೆ ಯಾಕೆ ಹೋಗ್ತಿದ್ರು? ಮಾತು ಅದೇ ಇರ್ತಿರಲಿಲ್ಲ. ಆವತ್ತಿನ ಪೇಪರಿನ ಸುದ್ದಿ ಆವತ್ತಿನ ಸಂಭಾಷಣೆಗೆ ಬಂದುಬಿಡ್ತಿತ್ತು. ಹಾಲಿ ಮಂತ್ರಿ, ಹಾಲಿ ಹಗರಣ. ಅಧಿಕಾರದಲ್ಲಿದ್ದವರೂ ಕೂತು ನೋಡಬೇಕಾಗ್ತಿತ್ತು, ಸುತ್ತ ಕೂತ ಜನರೆಲ್ಲ ನಗುವಾಗ ಎದ್ದು ಹೋದ್ರೆ ಮರ್ಯಾದೆ ಇನ್ನೂ ಹೋಗುತ್ತಲ್ಲ.

ಹಳೇದೆಲ್ಲ ಬಂಗಾರ ಅಂತ ನಾನು ಹೇಳ್ತಿಲ್ಲ. ಕಂಪನಿ ನಾಟಕಗಳಲ್ಲಿ ಹೆಂಗಸರ ಮೇಲಿನ ದ್ವಂದ್ವಾರ್ಥದ ಮಾತುಗಳು ಬೇಕಾದಷ್ಟಿದ್ದವು. ಅದನ್ನು ಇವತ್ತು ಸಮರ್ಥಿಸಿಕೊಳ್ಳೋಕಾಗಲ್ಲ. ಆದ್ರೆ ನಾವು ಆ ಪರಂಪರೆಯಿಂದ ಉಳಿಸಿಕೊಂಡದ್ದು ಆ ಮಾತುಗಳನ್ನೇ! ಲಂಚದವನನ್ನು ಬಿಟ್ಟು ದ್ವಂದ್ವಾರ್ಥ ಇಟ್ಟುಕೊಂಡ್ವಿ.

ಕೈಲಾಸಂ ನೋಡಿ. ಜಡ್ಜ್ ಪರಮಶಿವ ಅಯ್ಯರ್ ಅವರ ಮಗ, ಲಂಡನ್ನಿಗೆ ಹೋಗಿ ಭೂಗರ್ಭಶಾಸ್ತ್ರ ಓದಿ ಬಂದವರು. ನಗೋಕೆ ಆರಿಸಿಕೊಂಡಿದ್ದು ತನ್ನದೇ ಜಾತಿ, ತನ್ನದೇ ವರ್ಗದ ಮನೆಗಳನ್ನು. ಅರ್ಧ ಕನ್ನಡ ಅರ್ಧ ಇಂಗ್ಲಿಷ್ ಮಾತಾಡಿ ದೊಡ್ಡವರಾದವರ ಮನೆ ಹಜಾರ ಅವರ ರಂಗಸ್ಥಳ. ‘ಟೊಳ್ಳುಗಟ್ಟಿ’ಯಲ್ಲಿ ಪುಸ್ತಕದ ಹುಳು ಒಬ್ಬ, ಓದು ಹತ್ತದಿದ್ರೂ ಮನೆಗೆ ಆಗೋನು ಇನ್ನೊಬ್ಬ. ನೂರು ವರ್ಷದ ಹಿಂದಿನ ಆ ಅಪ್ಪನ್ನ ತಂದು ಬನಶಂಕರಿ ಎರಡನೇ ಹಂತದ ಯಾವುದಾದ್ರೂ ಸಿಇಟಿ ಕೋಚಿಂಗ್ ಬಾಗಿಲಲ್ಲಿ ನಿಲ್ಲಿಸಿ, ಉಳಿದ ಅಪ್ಪಂದಿರ ಮಧ್ಯೆ ಗುರುತೇ ಸಿಗಲ್ಲ.

ಬೀಚಿ ಹರಪನಹಳ್ಳಿಯವರು, ಪೊಲೀಸ್ ಇಲಾಖೆಯಲ್ಲಿ ಕೆಲಸಕ್ಕಿದ್ದವರು. ತನ್ನ ಹೆಸರನ್ನೇ ಅರ್ಧ ಕನ್ನಡ ಅಕ್ಷರ, ಅರ್ಧ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡರು, ಅಂದ್ರೆ ಮೊದಲ ಏಟು ತನ್ನ ಮೇಲೇ. ಡಾಕ್ಟರಾಗಿದ್ದ ರಾ.ಶಿ. 1942ರಲ್ಲಿ ‘ಕೊರವಂಜಿ’ ಶುರು ಮಾಡಿ 25 ವರ್ಷ ನಡೆಸಿದರು. ಆರ್.ಕೆ. ಲಕ್ಷ್ಮಣ್ ಹೆಸರು ಮಾಡೋ ಮೊದಲು ಚಿತ್ರ ಬರೆದದ್ದು ಅಲ್ಲೇ. ಗಾಂಧಿಬಜಾರಿನ ಲಂಕೇಶ್ 1980ರಲ್ಲಿ ಪತ್ರಿಕೆ ತೆಗೆದಾಗ ಜಾಹೀರಾತೇ ಬೇಡ ಅಂದ್ರು. ಓದುಗ ಕೊಟ್ಟ ಚಿಲ್ಲರೆಯಲ್ಲೇ ಮುಖ್ಯಮಂತ್ರಿಗಳನ್ನು ಗೇಲಿ ಮಾಡಿದ್ರು. ಈ ಚಿಲ್ಲರೆ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

(3/4)

‘ಹಾಸ್ಯಾನ ಹಾಸ್ಯವಾಗಿ ತಗೊಳ್ರೀ’ ಅನ್ನೋರಿಗೆ ಈ ಭಾಗ.

2023ರ ಫೆಬ್ರವರಿ, ನಿಮ್ಹಾನ್ಸ್ ಕನ್ವೆನ್ಷನ್ ಸೆಂಟರ್, ಜೈನ್ ವಿಶ್ವವಿದ್ಯಾಲಯದ ಯುವಜನೋತ್ಸವ. ಮ್ಯಾನೇಜ್‌ಮೆಂಟ್ ವಿದ್ಯಾರ್ಥಿಗಳ ಕಿರುಪ್ರಹಸನದಲ್ಲಿ ದಲಿತರ ಮೇಲೆ, ಅಂಬೇಡ್ಕರ್ ಹೆಸರಿನ ಮೇಲೆ, ಮೀಸಲಾತಿ ಮೇಲೆ ಜೋಕು. ವಿಡಿಯೊ ಹೊರಗೆ ಬಂತು, ಕೇಸಾಯ್ತು, ವಿದ್ಯಾರ್ಥಿಗಳೂ ಪ್ರಾಂಶುಪಾಲರೂ ಅರೆಸ್ಟ್ ಆದರು. ಆಮೇಲೆ ಹೈಕೋರ್ಟ್ ಪ್ರಕರಣ ರದ್ದು ಮಾಡಿತು.

ಅದೇ ವರ್ಷದ ಆಗಸ್ಟ್‌ನಲ್ಲಿ ನಟ ಉಪೇಂದ್ರ ಫೇಸ್‌ಬುಕ್ ಲೈವ್‌ನಲ್ಲಿ ಒಂದು ಜಾತಿಯ ಹೆಸರಿದ್ದ ಗಾದೆ ಆಡಿದರು. ಎಫ್‌ಐಆರ್ ಆಗಿದ್ದು ಎಲ್ಲಿ? ನಮ್ಮ ಚೆನ್ನಮ್ಮನಕೆರೆ ಅಚ್ಚುಕಟ್ಟು ಠಾಣೆಯಲ್ಲಿ. ಅವರು ಕ್ಷಮೆ ಕೇಳಿದರು, ಹೈಕೋರ್ಟ್ ತಡೆ ಕೊಟ್ಟಿತು.

ಪ್ರಹಸನ ಬರೆದ ಹುಡುಗರು ಜೈಲಿಗೆ ಹೋಗಬೇಕಿರಲಿಲ್ಲ. ಜೋಕಿಗೆ ಲಾಕಪ್ ಉತ್ತರ ಆಗಬಾರದು, ಎಷ್ಟೇ ಕೆಟ್ಟ ಜೋಕಾದ್ರೂ. ಆದ್ರೆ ಆ ಹಾಲ್‌ನ ನಗು ಇದೆಯಲ್ಲ, ಅದನ್ನು ಯಾವ ಕೋರ್ಟೂ ರದ್ದು ಮಾಡೋಕಾಗಲ್ಲ. ಅಲ್ಲಿ ಕೂತ ದಲಿತ ಹುಡುಗಿ ಒಬ್ಬಳಿದ್ದಳು ಅಂದ್ಕೊಳ್ಳಿ. ಸ್ಟೇಜ್ ಮೇಲಿನವರು ಹೇಳಿದ್ದನ್ನು ಅವಳು ಮರೀಬಹುದು, ಪಕ್ಕದ ಕುರ್ಚಿಯ ಗೆಳತಿ ನಕ್ಕಿದ್ದನ್ನು ಮರೀತಾಳಾ?

ಈಗ ಪುಟ ತಿರುಗಿಸಿ. 2021ರ ನವೆಂಬರ್ 28ಕ್ಕೆ ಗುಡ್ ಶೆಫರ್ಡ್ ಸಭಾಂಗಣದಲ್ಲಿ ಮುನವ್ವರ್ ಫಾರೂಕಿ ಶೋ ಇತ್ತು. ರದ್ದು ಮಾಡಿ ಅಂತ ಪೊಲೀಸರೇ ಆಯೋಜಕರಿಗೆ ಪತ್ರ ಕೊಟ್ಟರು. ಕಾನೂನು-ಸುವ್ಯವಸ್ಥೆಯಂತೆ. ಪುನೀತ್ ರಾಜ್‌ಕುಮಾರ್ ಅವರ ಸಂಸ್ಥೆಯ ಮೂಲಕ ನೆರವಾಗೋದು ಆ ಶೋದ ಉದ್ದೇಶ ಆಗಿತ್ತು ಅಂತ ಆತ ಹೇಳಿಕೊಂಡಿದ್ದರು. 2022ರ ಆಗಸ್ಟ್‌ನಲ್ಲಿ ಜೆ.ಪಿ. ನಗರದಲ್ಲಿ ಆಗಬೇಕಿದ್ದ ಶೋಗೂ ಅನುಮತಿ ಸಿಗಲಿಲ್ಲ. ಆ ಮನುಷ್ಯ ಅದಕ್ಕೂ ಮುಂಚೆ ಇಂದೋರ್‌ನಲ್ಲಿ ಒಂದು ತಿಂಗಳಿಗೂ ಹೆಚ್ಚು ಜೈಲಲ್ಲಿದ್ದು ಬಂದಿದ್ದ, ಆವತ್ತಿನ ಸ್ಟೇಜ್ ಮೇಲೆ ಆಡದೇ ಇದ್ದ ಜೋಕಿಗೆ.

ಆವತ್ತು ‘ಹಾಸ್ಯಾನ ಹಾಸ್ಯವಾಗಿ ತಗೊಳ್ಳಿ’ ಅಂತ ನಮ್ಮ ಹಾಸ್ಯ ಸಂಜೆಗಳ ಯಾವ ವೇದಿಕೆಯಿಂದ ಕೇಳಿದ್ರಿ? ನಂಗಂತೂ ಕೇಳಲಿಲ್ಲ. ಮನೆಗೆಲಸದಾಕೆ ಮೇಲೆ ಜೋಕು ಹೊಡೆಯೋಕೆ ಬೇಕಾಗೋ ಅಭಿವ್ಯಕ್ತಿ ಸ್ವಾತಂತ್ರ್ಯ, ಜೆ.ಪಿ. ನಗರದ ಆ ಬಾಗಿಲಿನ ಹತ್ತಿರ ಬಂದ ತಕ್ಷಣ ಕಾಣೆಯಾಯ್ತು. ಫಾರೂಕಿ ಜೋಕುಗಳು ನಿಮಗೆ ಇಷ್ಟವಾಗಬೇಕಿಲ್ಲ, ನಂಗೂ ಹಲವು ಸಪ್ಪೆ ಅನ್ನಿಸಿವೆ. ಸಪ್ಪೆ ಅಂತ ತೀರ್ಮಾನ ಮಾಡೋಕಾದ್ರೂ ಕೇಳಬೇಕಲ್ವಾ?

ಯಕ್ಷಗಾನದಲ್ಲಿ ರಾಜನ ಎದುರು ಆಡುಮಾತಲ್ಲಿ ಕೊಕ್ಕೆ ಪ್ರಶ್ನೆ ಹಾಕೋ ಸಲಿಗೆ ಹಾಸ್ಯಗಾರನಿಗಿದೆ. ನಮ್ಮ ಸಂಜೆಗಳಲ್ಲಿ ರಾಜನಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಪ್ರಶ್ನೆಯೆಲ್ಲ ಅತ್ತೆಗೆ.

(4/4)

‘ಕಲಾವಿದರ ಹೊಟ್ಟೆಪಾಡು, ಅವರೇನು ಮಾಡ್ತಾರೆ ಪಾಪ’ ಅಂತೀರಾ? ನಿಜ. ಅದಕ್ಕೇ ಚಿಲ್ಲರೆ ವಿಷಯ ನೆನಪಿಟ್ಟುಕೊಳ್ಳಿ ಅಂದಿದ್ದು.

ಸಂಭಾವನೆ ಕವರು ಸೋಫಾದಿಂದ ಬಂದ್ರೆ ಜೋಕು ಸೋಫಾದ ಮೇಲೆ ಹೋಗಲ್ಲ. ನೋಡಿ, 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಸದಸ್ಯರ ಅವಧಿ ಮುಗೀತು. ಐದು ವರ್ಷ ಈ ಊರು ಚುನಾಯಿತ ಕಾರ್ಪೊರೇಟರೇ ಇಲ್ಲದೆ ನಡೀತು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯನ್ನೇ ತೆಗೆದು ಐದು ಪಾಲಿಕೆ ಮಾಡಿದರು. ಗುಂಡಿ ಯಾರ ಪಾಲಿಗೆ ಬಂತು ಅಂತ ಗುಂಡಿಗೂ ಗೊತ್ತಿಲ್ಲ. ‘ಮಾಜಿ’ಗಳ ಹುಟ್ಟುಹಬ್ಬ ಮಾತ್ರ ಒಂದು ವರ್ಷವೂ ತಪ್ಪಲಿಲ್ಲ. ಹಿರಣ್ಣಯ್ಯನವರ ಕೈಗೆ ಇಷ್ಟು ಸಿಕ್ಕಿದ್ರೆ ಅರ್ಧ ಗಂಟೆ ಎಳೀತಿದ್ರು. ನಮ್ಮ ಜನಕ್ಕೆ ಇದು ಹೊಳೆಯಲ್ಲ ಅಂತೇನಿಲ್ಲ. ದೇವೇಗೌಡ ಪೆಟ್ರೋಲ್ ಬಂಕ್ ಸ್ಟಾಪಲ್ಲಿ ಬಸ್ಸಿಗೆ ಕಾಯ್ತಾ ನಿಂತವರ ಮಾತು ಕೇಳಿ, ಅಷ್ಟೇ ಸಾಕು.

ಹಾಗಾಗಿ ಎರಡು ಕೆಲಸ ಕೇಳ್ತಿದ್ದೀನಿ. ‘ಪ್ರವೇಶ ಉಚಿತ’ ಅಂತ ಕಂಡ್ರೆ ಯಾರು ದುಡ್ಡು ಕೊಟ್ಟಿದ್ದಾರೆ ಅಂತ ಫ್ಲೆಕ್ಸ್ ಮೇಲೆ ಹುಡುಕಿ. ಟಿಕೆಟ್ ಇಟ್ಟವರ ಹತ್ತಿರ ಹೋಗಿ, ಕೊಟ್ಟು ನೋಡಿ. ರಂಗಶಂಕರ ಜೆ.ಪಿ. ನಗರದಲ್ಲೇ ಇದೆ, ಕೆ.ಎಚ್. ಕಲಾಸೌಧ ಹನುಮಂತನಗರದಲ್ಲಿದೆ, ಕನ್ನಡದಲ್ಲಿ ಸ್ಟ್ಯಾಂಡಪ್ ಮಾಡೋ ಹುಡುಗ-ಹುಡುಗಿಯರು ಕೆಫೆಗಳ ಮೂಲೆಯಲ್ಲಿ ಇಪ್ಪತ್ತು ಜನರ ಮುಂದೆ ಒದ್ದಾಡ್ತಿದ್ದಾರೆ. ಒಂದು ಮಸಾಲೆ ದೋಸೆ, ಎರಡು ಕಾಫಿ ಬಿಟ್ಟರೆ ಕೆಲವು ಕಡೆ ಟಿಕೆಟ್ ಆಗುತ್ತೆ.

ಇನ್ನೊಂದು. ಮುಂದಿನ ಸಂಜೆ ಆ ಮನೆಗೆಲಸದಾಕೆಯ ಇಂಗ್ಲಿಷ್ ಜೋಕು ಬಂದೇ ಬರುತ್ತೆ. ಕೂಗಾಡಬೇಡಿ, ವಿಡಿಯೊ ಮಾಡಬೇಡಿ, ಠಾಣೆಗೆ ಹೋಗಬೇಡಿ. ಕೈ ತೊಡೆ ಮೇಲಿರಲಿ, ಸುಮ್ಮನೆ ಸ್ಟೇಜ್ ಕಡೆ ನೋಡ್ತಾ ಇರಿ. ನಗಿಸೋರ ಕಿವಿ ಬಹಳ ಚುರುಕು, ಎಲ್ಲಿ ನಗು ಬರಲಿಲ್ಲ ಅಂತ ಅವರಿಗೆ ಅರೆಕ್ಷಣದಲ್ಲಿ ಗೊತ್ತಾಗುತ್ತೆ. ಮೂರು ಹಾಲ್‌ಗಳಲ್ಲಿ ಹಾಗಾದ್ರೆ ನಾಲ್ಕನೇ ಹಾಲ್‌ನಲ್ಲಿ ಆ ಜೋಕು ಇರಲ್ಲ. ಆ ಜಾಗಕ್ಕೆ ಅವರು ಏನಾದ್ರೂ ಹುಡುಕಲೇಬೇಕು. ಮೊದಲನೇ ಸಾಲು ಅಲ್ಲೇ ಎದುರಿಗಿರುತ್ತೆ.

#ಬನಶಂಕರಿ #ಕತ್ರಿಗುಪ್ಪೆ #ಹಾಸ್ಯಸಂಜೆ #ವಿಡಂಬನೆ #ಮಾಸ್ಟರ್‌ಹಿರಣ್ಣಯ್ಯ