ಮುಟ್ಟು ನಿಂತ ಮೇಲಿನ ರಕ್ತ

ಮುಟ್ಟು ನಿಂತು ನಾಲ್ಕೈದು ವರ್ಷವಾದ ಹೆಣ್ಣುಮಗಳ ಸೀರೆಗೆ ಮತ್ತೆ ರಕ್ತದ ಕಲೆ ಹತ್ತಿದರೆ, ನಮ್ಮ ಹೊರ್ತಿ ಸೀಮೆಯಲ್ಲಿ ಅದಕ್ಕೆ ಕಾರಣ ಹೇಳುವವರಿಗೆ ಕೊರತೆಯಿಲ್ಲ. ಬಿಸಿಲಾಗ ಕಳೆ ತೆಗೆದು ಉಷ್ಣ ಆಗೇದ. ಭಾರ ಎತ್ತಿದ್ದಕ್ಕ ಹಿಂಗಾಗೇದ. ಹೋದದ್ದು ಒಮ್ಮೆ ತಿರುಗಿ ಬಂದದ, ಅಷ್ಟ. ಆಕೆ ಮಜ್ಜಿಗೆ ಕುಡಿದು, ಮರುದಿನ ಮತ್ತೆ ನಿಂಬೆ ತೋಟದ ಕೆಲಸಕ್ಕೆ ಹೋಗುತ್ತಾಳೆ.

ಮುಟ್ಟು ಪೂರ್ತಿ ನಿಂತು ವರ್ಷ ದಾಟಿದ ಮೇಲೆ ಒಂದು ಹನಿ ಕಂಡರೂ ಅದನ್ನು ವೈದ್ಯರು ನೋಡಬೇಕು. ಅದು ಗರ್ಭಕಂಠದ ಕ್ಯಾನ್ಸರಿನ ಸೂಚನೆ ಇರಬಹುದು. ಬಹಳ ಸಲ ಇರಲಿಕ್ಕಿಲ್ಲ. ಇಲ್ಲವೆಂದು ಹೇಳುವ ಹಕ್ಕು ಮಾತ್ರ ಪರೀಕ್ಷೆ ಮಾಡಿದವರದು.

ಇನ್ನೊಂದು ಸೂಚನೆ ಬಾಯಿಬಿಟ್ಟು ಹೇಳುವುದಕ್ಕೆ ಇದಕ್ಕಿಂತ ಕಷ್ಟದ್ದು: ಗಂಡನ ಜೊತೆ ಕೂಡಿದ ಮೇಲೆ ಕಾಣುವ ರಕ್ತ. ತಾಯಿಗೂ ಹೇಳದ, ಅಕ್ಕನಿಗೂ ಹೇಳದ ಸಂಗತಿ. ಎರಡು ಮುಟ್ಟಿನ ನಡುವೆ ಕಾಣುವ ರಕ್ತವೂ ಇದೇ ಸಾಲಿನದು. ಬಿಳಿ ಮುಟ್ಟಿನ ವಿಷಯ ಸ್ವಲ್ಪ ಬೇರೆ. ಅದು ಹೆಚ್ಚಾಗಿ ಸೋಂಕಿನಿಂದ ಬರುತ್ತದೆ, ಔಷಧಿಗೆ ಬಗ್ಗುತ್ತದೆ. ಆದರೆ ನಾತ ಹೊಡೆಯುವ, ರಕ್ತ ಬೆರೆತ, ಔಷಧಿ ತೆಗೆದುಕೊಂಡರೂ ನಿಲ್ಲದ ಸ್ರಾವವಾದರೆ ತಡಮಾಡಬಾರದು. ಸೊಂಟ ಕೆಳಹೊಟ್ಟೆಗಳ ಬಿಡದ ನೋವು, ಒಂದೇ ಕಾಲಿನ ಬಾವು ಕಾಣಿಸಿಕೊಳ್ಳುವ ಹೊತ್ತಿಗೆ ರೋಗ ಸಾಮಾನ್ಯವಾಗಿ ಗರ್ಭಕಂಠವನ್ನು ದಾಟಿರುತ್ತದೆ.

ಇಷ್ಟನ್ನು ಊರೂರಿಗೆ ಹೋಗಿ ಹೇಳಿದರೆ ಏನಾದರೂ ಪ್ರಯೋಜನವುಂಟೆ? ಉತ್ತರ ನಮ್ಮ ಊರಿನ ಮುಂದೆ ಹಾದುಹೋಗುವ ಸೊಲ್ಲಾಪುರ ರಸ್ತೆಯ ಆಚೆ ತುದಿಯಲ್ಲಿದೆ. ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1987ರಲ್ಲಿ ಭಾರತದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಶುರುವಾಯಿತು. ಅದರ ವ್ಯಾಪ್ತಿಗೆ 346 ಹಳ್ಳಿಗಳು. ಅಲ್ಲಿನ ರೋಗಿಗಳು ತಾವಾಗಿ ಆಸ್ಪತ್ರೆಗೆ ಬರುವವರಲ್ಲ ಎಂದು ತಿಳಿದ ಸಿಬ್ಬಂದಿ ಹಳ್ಳಿ ಹಳ್ಳಿ ತಿರುಗಿದರು, ಜನರನ್ನು ಕೂಡಿಸಿ ಈ ಲಕ್ಷಣಗಳನ್ನು ವಿವರಿಸಿದರು, ಅನುಮಾನ ಬಂದವರನ್ನು ಆಸ್ಪತ್ರೆಗೆ ಕಳಿಸಿದರು. ದೊಡ್ಡ ಯಂತ್ರವೇನೂ ಬರಲಿಲ್ಲ. ಕೆಲವೇ ವರ್ಷಗಳಲ್ಲಿ ಮೊದಲ ಹಂತಗಳಲ್ಲೇ ಬರುವ ಹೆಂಗಸರ ಪಾಲು ಏರಿತು, ಬದುಕಿ ಉಳಿದವರ ಪಾಲೂ ಏರಿತು. ನಮ್ಮಂಥದೇ ಬರದ ನೆಲ, ನಮ್ಮಂಥವೇ ಜೋಳದ ಹೊಲಗಳು, ನಮ್ಮಂಥವರೇ ಆದ ಓದು ಬಾರದ ಹೆಣ್ಣುಮಕ್ಕಳು. ಅಲ್ಲಿ ಆದದ್ದು ಇಲ್ಲಿ ಆಗದಿರಲು ನನಗಂತೂ ಕಾರಣ ಕಾಣುವುದಿಲ್ಲ.

ಲಕ್ಷಣಕ್ಕೂ ಮೊದಲೇ ಹಿಡಿಯುವ ದಾರಿಯೂ ಆ ನೆಲದಲ್ಲೇ ಪರೀಕ್ಷೆಗೊಳಗಾಯಿತು. ಈ ಕ್ಯಾನ್ಸರಿಗೆ ಕಾರಣ ಎಚ್‌ಪಿವಿ ಎಂಬ ವೈರಾಣು. ಅದನ್ನು ತೋರಿಸಿಕೊಟ್ಟ ಜರ್ಮನಿಯ ಹೆರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಸೋಂಕು ತಗುಲಿ ಕ್ಯಾನ್ಸರ್ ಆಗಲು ಹತ್ತು ಹದಿನೈದು ವರ್ಷ ಬೇಕು. ಅಷ್ಟು ಕಾಲ ಯಾವ ನೋವೂ ಇರುವುದಿಲ್ಲ, ರಕ್ತವೂ ಕಾಣುವುದಿಲ್ಲ. ಬಾರ್ಶಿಯ ಪಕ್ಕದ ಉಸ್ಮಾನಾಬಾದ್, ಅಂದರೆ ಇಂದಿನ ಧಾರಾಶಿವ ಜಿಲ್ಲೆಯಲ್ಲಿ 1999ರಿಂದ 30ರಿಂದ 59 ವಯಸ್ಸಿನ 1,31,746 ಹೆಂಗಸರನ್ನು ಒಳಗೊಂಡ ಅಧ್ಯಯನ ನಡೆಯಿತು. 2009ರಲ್ಲಿ ಫಲಿತಾಂಶ ಬಂದಾಗ ಲೋಕವೇ ತಿರುಗಿ ನೋಡಿತು: ಜೀವಮಾನದಲ್ಲಿ ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆಗೆ ಕರೆದ ಗುಂಪಿನಲ್ಲಿ ಈ ರೋಗದಿಂದ ಸತ್ತವರು, ಕರೆಯದ ಗುಂಪಿನ ಸುಮಾರು ಅರ್ಧದಷ್ಟು ಮಾತ್ರ. ನಮ್ಮ ಸರ್ಕಾರಿ ಯೋಜನೆಯಲ್ಲಿ ಇರುವುದು ಇನ್ನೂ ಸರಳವಾದದ್ದು. ಗರ್ಭಕಂಠಕ್ಕೆ ತೆಳು ಆಮ್ಲದ್ರಾವಣ, ವಿನೆಗರ್‌ನಂಥದ್ದು, ಹಚ್ಚಿ ಒಂದು ನಿಮಿಷ ಕಾದು ಕಣ್ಣಿನಿಂದ ನೋಡುವುದು. ದೋಷವಿರುವ ಜಾಗ ಬೆಳ್ಳಗಾಗುತ್ತದೆ. ಮೂವತ್ತು ದಾಟಿದ ಪ್ರತಿ ಹೆಣ್ಣುಮಗಳಿಗೂ ಐದು ವರ್ಷಕ್ಕೊಮ್ಮೆ ಇದಾಗಬೇಕೆಂಬುದು ನಿಯಮ.

ಭಯವೂ ಕೇಡು ಮಾಡುತ್ತದೆ, ಅದನ್ನೂ ಹೇಳಬೇಕು. 'ಬಿಳಿ ಹೋಗ್ತದ, ಮುಂದ ಕ್ಯಾನ್ಸರ್ ಆಗ್ತದ' ಎಂಬ ಮಾತಿಗೆ ಹೆದರಿ ಮೂವತ್ತರ ಆಸುಪಾಸಿನಲ್ಲೇ ಗರ್ಭಚೀಲ ತೆಗೆಸಿಕೊಂಡವರು ನಮ್ಮ ಸುತ್ತ ಇದ್ದಾರೆ. 2019ರಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ 80 ಸಾವಿರಕ್ಕೂ ಹೆಚ್ಚು ಹೆಂಗಸರ ಸಮೀಕ್ಷೆಯಾದಾಗ, 13 ಸಾವಿರಕ್ಕೂ ಹೆಚ್ಚು ಮಂದಿ ಗರ್ಭಕೋಶ ಕಳೆದುಕೊಂಡಿದ್ದರು. ಪರೀಕ್ಷೆಯಿಲ್ಲದೆ ಗರ್ಭಕೋಶ ತೆಗೆಯುವುದು ತಪ್ಪು. ಕ್ಯಾನ್ಸರ್ ಇರುವುದು ಗೊತ್ತಾಗದೆ ಹಾಗೆ ತೆಗೆದರೆ ಮುಂದಿನ ಚಿಕಿತ್ಸೆಯೇ ತೊಡಕಾಗುತ್ತದೆ. ಮೊದಲು ಪರೀಕ್ಷೆ, ಅನುಮಾನ ಬಂದರೆ ಚೂರು ತೆಗೆದು ತಪಾಸಣೆ, ಆಮೇಲೆ ಉಳಿದ ಮಾತು.

ರೇವಣಸಿದ್ಧೇಶ್ವರನ ಜಾತ್ರೆಗೆ ತವರಿಗೆ ಬರುವ ಹೆಣ್ಣುಮಕ್ಕಳಲ್ಲಿ ನನ್ನದೊಂದು ವಿನಂತಿ. ಬುತ್ತಿ ಬಿಚ್ಚಿ ಕೂತಾಗ, ಗಂಡಸರು ಎದ್ದು ಹೋದ ಮೇಲೆ, ನಿಮ್ಮ ಅವ್ವನನ್ನು ಹತ್ತಿರ ಕರೆದು ಕೇಳಿರಿ: 'ಯವ್ವಾ, ನಿನಗ ಮುಟ್ಟು ನಿಂತ ಮ್ಯಾಲ ಮತ್ತ ರಕ್ತ ಕಂಡದೇನು?' ಆಕೆ ಹೂಂ ಅಂದರೆ, ಮರುದಿನವೇ ಆಕೆಯ ಜೊತೆ ನೀವೂ ದವಾಖಾನೆಗೆ ಹೋಗಿರಿ.